ಸಂಬಳ ಬಂದ ದಿನ ಮೊದಲ ಪಾಲು ಯಾರಿಗೆ?

ಹಣಕ್ಕಿಂತ ವಿಶ್ವಾಸ ದೊಡ್ಡದು ಎಂದು ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವುದು ಸುಲಭ. ಅದು ನಮ್ಮ ಬದುಕಿನಲ್ಲಿ ನಿಜವೋ ಅಲ್ಲವೋ ತಿಳಿಯಬೇಕಾದರೆ ತಿಂಗಳ ಲೆಕ್ಕ ತೆಗೆದು ನೋಡಬೇಕು. ಎಷ್ಟು ಕೊಟ್ಟೆವು ಎಂಬ ಪ್ರಶ್ನೆ ಆಮೇಲಿನದು. ಕೈಗೆ ಬಂದ ಹಣದಲ್ಲಿ ಮೊದಲು ಹೊರಟದ್ದು ಯಾವುದಕ್ಕೆ? ಬಾಡಿಗೆ, ಸಾಲದ ಕಂತು, ಫೋನ್ ಬಿಲ್ಲು, ಹೊಸ ಬಟ್ಟೆ ಎಲ್ಲ ಮುಗಿದು, ಭಾನುವಾರ ಜೇಬು ತಡಕಿದಾಗ ಸಿಕ್ಕ ನೋಟು ಕಾಣಿಕೆ ಚೀಲಕ್ಕೆ ಬೀಳುತ್ತಿದ್ದರೆ, ದೇವರ ಸರದಿ ಕೊನೆಯದಾಗಿದೆ.

ಬೈಬಲಿನ ಜ್ಞಾನೋಕ್ತಿ 3:9 ಪ್ರಥಮಫಲದ ಬಗ್ಗೆ ಹೇಳುತ್ತದೆ. ಮೊದಲ ತೆನೆ ಕೊಯ್ದು ಕೊಡುವ ಹೊತ್ತಿಗೆ ಉಳಿದ ಬೆಳೆ ಮನೆ ಸೇರುತ್ತದೆಂಬ ಖಾತ್ರಿ ರೈತನಿಗೆ ಇರಲಿಲ್ಲ. ಮಿಡತೆ ಬರಬಹುದಿತ್ತು, ಕಳ್ಳರು ಬರಬಹುದಿತ್ತು. ಆ ಖಾತ್ರಿಯಿಲ್ಲದ ಹೊತ್ತಿನಲ್ಲಿ ಕೈಬಿಟ್ಟು ಕೊಡುವುದೇ ವಿಶ್ವಾಸ. ಉಳಿದದ್ದನ್ನು ಕೊಡಲು ಚಿಲ್ಲರೆ ಇದ್ದರೆ ಸಾಕು.

ಅಪೊಸ್ತಲ ಪೌಲ 1 ಕೊರಿಂಥ 16:2ರಲ್ಲಿ ಕೊಡುವ ಕ್ರಮ ತಿಳಿಸುತ್ತಾನೆ: ವಾರದ ಮೊದಲನೇ ದಿನ, ಪ್ರತಿಯೊಬ್ಬರೂ, ತಮ್ಮ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕು. ತಾನು ಬಂದಾಗ ಅವಸರದ ವಸೂಲಿ ನಡೆಯಬಾರದು ಎಂಬುದೂ ಅವನ ಉದ್ದೇಶ. ಇಂದಿಗೆ ಹೊಂದಿಸಿಕೊಂಡರೆ, ಸಂಬಳ ಜಮೆಯಾದ ದಿನವೇ, ಬೇರೆ ಯಾವ ಪಾವತಿಗೂ ಮುಂಚೆ, ಗೊತ್ತುಮಾಡಿದ ಪಾಲು ಇನ್ನೊಂದು ಖಾತೆಗೆ ಹೋಗಬೇಕು. ಆ ಖಾತೆಗೆ ಕಾರ್ಡ್ ಬೇಡ, ಫೋನಿನ ಆ್ಯಪ್ ಕೂಡ ಬೇಡ. ಕೈಗೆಟುಕಿದರೆ ತಿಂಗಳ ಮೂರನೇ ವಾರ ಅದರಿಂದ "ಸಾಲ" ತೆಗೆಯುತ್ತೀರಿ, ಅದು ವಾಪಸು ಬರುವುದಿಲ್ಲ. ದಿನಗೂಲಿಯವರಿಗೆ ಒಂದು ಡಬ್ಬಿ ಸಾಕು. ಆದಾಯ ಏರಿಳಿಯುವವರು ತಿಂಗಳಿಗೆ ಇಷ್ಟು ಎಂದು ಮೊತ್ತ ನಿಗದಿ ಮಾಡದೆ, ಬಂದ ಪ್ರತಿ ಹಣದಲ್ಲಿ ನೂರಕ್ಕೆ ಇಷ್ಟು ಎಂದು ತೆಗೆಯಲಿ. ವ್ಯಾಪಾರಿಗಳು ಲಾಭದ ಮೇಲೆ ಲೆಕ್ಕ ಹಾಕಬೇಕು. ಒಟ್ಟು ವಹಿವಾಟಿನ ಮೇಲೆ ಹಾಕಿದರೆ ಸರಕು ಕೊಟ್ಟವನ ಹಣವನ್ನು ದಾನ ಮಾಡಿದಂತಾಗುತ್ತದೆ.

ನೂರಕ್ಕೆ ಎಷ್ಟು? ಹತ್ತು ಎಂಬುದು ಹಳೆಯ ಅಳತೆ. ಆದರೆ ಮೋಶೆಯ ಧರ್ಮಶಾಸ್ತ್ರ ಆರಾಧನೆಯ ಸೇವೆಗೆ ನೇಮಕವಾದ ಲೇವಿಯರಿಗೆಂದು (ಅರಣ್ಯಕಾಂಡ 18), ಮೂರು ವರ್ಷಕ್ಕೊಮ್ಮೆ ಪರದೇಶಿ, ಅನಾಥ, ವಿಧವೆಯರಿಗೆಂದು (ಧರ್ಮೋಪದೇಶಕಾಂಡ 14) ದಶಮಾಂಶವನ್ನು ಬೇರೆ ಬೇರೆ ಕಡೆ ವಿಧಿಸುತ್ತದೆ. ಹಾಗಾಗಿ ಹತ್ತು ಕೊಟ್ಟು, ಉಳಿದ ತೊಂಬತ್ತು ನನ್ನಿಷ್ಟ ಎನ್ನುವುದು ಆ ಶಾಸ್ತ್ರವನ್ನೂ ಅರ್ಧ ಓದಿದಂತೆ. ಸಾಲದಲ್ಲಿ ಮುಳುಗಿರುವವರು ಎರಡು ಮೂರರಿಂದ ಶುರುಮಾಡಿ, ಒಂದೊಂದು ಸಾಲ ತೀರಿದಾಗಲೂ ಒಂದೊಂದು ಏರಿಸಬಹುದು. ಸಾಲ ಕೊಟ್ಟವನನ್ನು ಕಾಯಿಸಿ ಕಾಣಿಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಆದಾಯ ಹೆಚ್ಚಿದಾಗ ಏನು ಮಾಡಬೇಕು ಎಂಬುದಕ್ಕೆ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ತನ್ನ ಒಂದು ಪ್ರಸಂಗದಲ್ಲಿ ಕೊಟ್ಟ ಲೆಕ್ಕ ನೋಡಿ. ಒಬ್ಬನಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಮೂರನೇ ವರ್ಷ 90ರಲ್ಲಿ 62, ನಾಲ್ಕನೇ ವರ್ಷ 120ರಲ್ಲಿ 92. ಹಾಸಿಗೆ ದೊಡ್ಡದಾಯಿತೆಂದು ಅವನು ಕಾಲು ಉದ್ದ ಮಾಡಲಿಲ್ಲ. ಸಂಸಾರಸ್ಥರಿಗೆ ಇದು ಪೂರ್ತಿ ಸಾಧ್ಯವಿಲ್ಲ ನಿಜ. ಮಕ್ಕಳ ಶಾಲೆ, ಔಷಧಿಯ ಖರ್ಚು ನಿಂತಲ್ಲಿ ನಿಲ್ಲುವುದಿಲ್ಲ. ಆದರೂ ಸಂಬಳ ಏರಿದ ತಿಂಗಳು, ಏರಿದ ಮೊತ್ತದ ಅರ್ಧವನ್ನು ಮನೆಖರ್ಚಿಗೆ ಸೇರಿಸದೆ ಬೇರೆಯಿಡಬಹುದು. ಮೊದಲ ತಿಂಗಳೇ ಮಾಡಬೇಕು, ಎರಡು ತಿಂಗಳು ಹೊಸ ಸಂಬಳಕ್ಕೆ ಒಗ್ಗಿದ ಮನೆ ಹಿಂದಕ್ಕೆ ಬರುವುದಿಲ್ಲ.

ಹಾಗಾದರೆ ಕೂಡಿಡುವುದೇ ಪಾಪವೇ? ಲೂಕ 12ರ ಐಶ್ವರ್ಯವಂತ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟು ಬುದ್ಧಿಹೀನ ಎನಿಸಿಕೊಂಡ. ಆದಿಕಾಂಡ 41ರ ಯೋಸೇಫನೂ ಏಳು ವರ್ಷ ಬೆಳೆಯ ಐದನೇ ಒಂದು ಪಾಲನ್ನು ಕೂಡಿಟ್ಟ. ಅದರಿಂದ ಬರಗಾಲದಲ್ಲಿ ಜನ ಬದುಕಿದರು. ಆ ಐಶ್ವರ್ಯವಂತನ ಯೋಜನೆಯಲ್ಲಿ ಅವನನ್ನು ಬಿಟ್ಟು ಇನ್ನೊಬ್ಬರಿಲ್ಲ, ಮಾತಾಡುವುದೂ ತನ್ನೊಂದಿಗೇ. ಆದ್ದರಿಂದ ಉಳಿತಾಯಕ್ಕೆ ಉದ್ದೇಶ ಮತ್ತು ಮಿತಿ ಎರಡನ್ನೂ ಬರೆದಿಡಿ: ಕಷ್ಟಕಾಲಕ್ಕೆ ಮೂರರಿಂದ ಆರು ತಿಂಗಳ ಮನೆಖರ್ಚು, ಅಷ್ಟೇ. ಅಂಕಿ ಬರೆಯದಿದ್ದರೆ "ಸಾಕು" ಎಂಬ ದಿನ ಬರುವುದೇ ಇಲ್ಲ.

ಕೆಡುವುದು ಹೆಚ್ಚಾಗಿ ಕೊಡುವ ಕಡೆಯಲ್ಲೇ. ಕೊಟ್ಟರೆ ಹತ್ತುಪಟ್ಟು ಬರುತ್ತದೆಂದು ಮಲಾಕಿಯ 3:10 ತೋರಿಸುವವರಿದ್ದಾರೆ. ಆ ವಚನದಲ್ಲಿ ಆಶೀರ್ವಾದದ ವಾಗ್ದಾನ ಇದೆ, ಪಟ್ಟಿನ ಲೆಕ್ಕ ಇಲ್ಲ. ದೇವಾಲಯದಲ್ಲಿ ಆಹಾರ ಇರಲಿ ಎಂಬ ಆಜ್ಞೆಯೂ ಅಲ್ಲೇ ಇದೆ. ಬಡ್ಡಿಗಾಗಿ ಕೊಟ್ಟವನು ಕೊಟ್ಟ ಮೇಲೂ ಹಣವನ್ನೇ ಸೇವಿಸುತ್ತಿರುತ್ತಾನೆ. ತನಗಿದ್ದ ಎರಡೇ ಕಾಸನ್ನು ಕಾಣಿಕೆ ಹಾಕಿದ ವಿಧವೆಯನ್ನು ತೋರಿಸಿ ಬಡವರಿಂದ ಕೇಳುವವರೂ ಇದ್ದಾರೆ. ಆ ವಿಧವೆ ಹಾಕಿದ್ದನ್ನು ಕೂಡಿಸಿದರೂ ದಿನಗೂಲಿಯಾದ ಒಂದು ದಿನಾರಿನ 64ನೇ ಒಂದು ಪಾಲು. ಆದರೆ ಆ ಘಟನೆಗೆ ಮೊದಲಿನ ವಚನದಲ್ಲೇ, ಮಾರ್ಕ 12:40ರಲ್ಲಿ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳಿಗೆ ಯೇಸು ಛೀಮಾರಿ ಹಾಕಿದ್ದಾನೆ. ಅದನ್ನು ಬಿಟ್ಟು ಓದುವುದು ನ್ಯಾಯವಲ್ಲ.

ಇನ್ನೊಂದು, ದೇವರ ಹೆಸರಿನಲ್ಲಿ ಮನೆಯವರನ್ನು ಬರಿಗೈ ಮಾಡುವುದು. ಹೆತ್ತವರಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಘೋಷಿಸಿ ತಪ್ಪಿಸಿಕೊಳ್ಳುವ ರೂಢಿಯನ್ನು ಮಾರ್ಕ 7 ನೇರವಾಗಿ ಖಂಡಿಸುತ್ತದೆ. ತಾಯಿಯ ಔಷಧಿ ನಿಲ್ಲಿಸಿ ಹಾಕಿದ ಕಾಣಿಕೆ ಆ ಲೆಕ್ಕಕ್ಕೇ ಸೇರುತ್ತದೆ. ಗಂಡಹೆಂಡಿರು ಕೂತು ಒಪ್ಪದೆ ಪಾಲು ನಿಗದಿ ಮಾಡಬೇಡಿ.

ಕೆಲಸ ಹೋದರೆ? ನೂರಕ್ಕೆ ಇಷ್ಟು ಎಂದು ಇಟ್ಟವರಿಗೆ ಲೆಕ್ಕ ತಾನಾಗಿ ಇಳಿಯುತ್ತದೆ. ಆದಾಯ ಸೊನ್ನೆಯಾದರೆ ಪಾಲೂ ಸೊನ್ನೆ. 2 ಕೊರಿಂಥ 8:12ರ ಪ್ರಕಾರ ಇದ್ದದ್ದಕ್ಕೆ ತಕ್ಕಂತೆ ಕೊಟ್ಟದ್ದು ಅಂಗೀಕಾರ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಆಗ ಕಷ್ಟವಾಗುವುದು ಕೈಚಾಚುವುದು. ವರ್ಷಗಟ್ಟಲೆ ಕೊಟ್ಟ ಎಷ್ಟೋ ಜನ ಇಲ್ಲಿ ಸೋಲುತ್ತಾರೆ, ಸ್ವಾಭಿಮಾನವನ್ನೂ ಆಸ್ತಿಯಂತೆ ಹಿಡಿದುಕೊಂಡು. ಪೌಲನೇ ಫಿಲಿಪ್ಪಿಯವರಿಂದ ಒಂದೆರಡು ಸಾರಿ ನೆರವು ಪಡೆದ, ಅದನ್ನು ಪತ್ರದಲ್ಲಿ ಬರೆದೂ ಇಟ್ಟ. ಸಭಾಪಾಲಕರ ಹತ್ತಿರ ಹೋಗುವಾಗ "ಪ್ರಾರ್ಥನೆ ಮಾಡಿ" ಎಂದಷ್ಟೇ ಹೇಳಿ ಬರಬೇಡಿ. ಬಾಡಿಗೆಗೆ ಎಷ್ಟು ಕಡಿಮೆಯಿದೆ, ಯಾವ ತಾರೀಖಿನೊಳಗೆ ಬೇಕು, ಎಷ್ಟು ತಿಂಗಳು ಬೇಕಾಗಬಹುದು, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.