‘ಚರ್ಚಿಸಲಾಯಿತು’ ಅನ್ನೋ ಒಂದು ಪದ

ರಾಜ್ಯಶಾಸ್ತ್ರ ಪಾಠ ಮಾಡೋಕೆ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ನಮ್ಮ ವಿಭಾಗದಲ್ಲಿ ಪ್ರತಿ ವರ್ಷ ಎಂ.ಎ. ಕೊನೆ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗಳಲ್ಲಿ ಒಂದನ್ನು ಆರಿಸಿ ಬಹುಮಾನ ಕೊಡುತ್ತೇವೆ. ‘ಪ್ರಜಾಪ್ರಭುತ್ವವನ್ನು ಬಲಪಡಿಸುವ ಸಂಶೋಧನೆಗೆ’ ಅಂತ ಸುತ್ತೋಲೆಯಲ್ಲಿ ಇರುತ್ತದೆ. ಸ್ವಲ್ಪ ದುಡ್ಡು, ಒಂದು ಸರ್ಟಿಫಿಕೇಟು, ಒಂದು ಶಾಲು. ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೇನೆ. ಮೂರು ವರ್ಷದ ಹಿಂದೆ ಆ ಶಾಲನ್ನು ತಪ್ಪು ಹೆಗಲಿಗೆ ಹಾಕಿದೆವು. ತಪ್ಪು ಜಾಸ್ತಿ ನನ್ನದೇ.

ಗೆದ್ದದ್ದು ಇ-ಆಡಳಿತದ ಮೇಲಿನ ಪ್ರಾಜೆಕ್ಟು. ನುಣುಪು ಹಾಳೆ, ಬಣ್ಣದ ಗ್ರಾಫು, ಕೊನೆಗೆ ಹನ್ನೆರಡು ಪುಟ ಗ್ರಂಥಋಣ. (ಪ್ರಶ್ನಾವಳಿ ತುಂಬಿಕೊಟ್ಟವರೆಲ್ಲ ಅದೇ ಹಾಸ್ಟೆಲಿನ ಗೆಳೆಯರು ಅಂತ ಆಮೇಲೆ ಗೊತ್ತಾಯ್ತು. ಇರಲಿ.) ಸೋತದ್ದು ಒಬ್ಬ ಹುಡುಗಿ ತನ್ನೂರಿನ ಗ್ರಾಮಸಭೆ ಬಗ್ಗೆ ಮಾಡಿದ್ದು. ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್, ಅಲ್ಲಲ್ಲಿ ಕಾಗುಣಿತದ ತಪ್ಪು. ‘ಸೈದ್ಧಾಂತಿಕ ಚೌಕಟ್ಟು ಸಾಲದು’ ಅಂತ ಪೆನ್ಸಿಲ್‌ನಲ್ಲಿ ಷರಾ ಬರೆದು ಬದಿಗಿಟ್ಟಿದ್ದೆ.

ಎರಡು ತಿಂಗಳ ಮೇಲೆ ಅವಳು ನೋ ಡ್ಯೂ ಸಹಿಗೆ ಬಂದಳು. ಸಹಿ ಹಾಕ್ತಾ ಸುಮ್ನೆ ಕೇಳಿದೆ, ‘ಮುಂದೇನಮ್ಮ?’

‘ಬಿ.ಎಡ್ ಮಾಡ್ಬೇಕು ಮೇಡಂ. ಆ ಪ್ರಾಜೆಕ್ಟ್ ನಮ್ಮೂರಲ್ಲಿ ಓದಿ ಹೇಳಿದೆ.’

‘ಯಾರಿಗೆ?’

‘ಗ್ರಾಮಸಭೇಲೇ. ಹೆಂಗಸರು ಬಿಡ್ಲಿಲ್ಲ. ಬಂದ್ ಬಂದ್ ಬರ್ಕೊಂಡು ಹೋದ್ಯಲ್ಲ, ಏನ್ ಬರ್ದೆ ಹೇಳು ಅಂದ್ರು.’

ಅವತ್ತು ಅದನ್ನು ಮನೆಗೆ ತಗೊಂಡು ಹೋಗಿ ಮತ್ತೆ ಓದಿದೆ. ಮತ್ತೆ ಏನು, ಸರಿಯಾಗಿ ಓದಿದ್ದು ಅದೇ ಮೊದಲು.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು ಕೋರಂ, ಅಂದರೆ ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಿ. ಬಂದವರಲ್ಲಿ ನೂರಕ್ಕೆ 30ರಷ್ಟಾದರೂ ಹೆಂಗಸರಿರಬೇಕು. ಇದನ್ನು ನಾನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತೇನೆ, ಮಕ್ಕಳು ಐದು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. ಈ ಹುಡುಗಿ ಹೋಗಿ ತಲೆ ಎಣಿಸಿದ್ದಳು. ಹಾಜರಿ ಪುಸ್ತಕದಲ್ಲಿ ಕೋರಂ ತುಂಬಿತ್ತು, ಕುರ್ಚಿಗಳು ತುಂಬಿರಲಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗೋ ಹೆಂಗಸರು ಎಲ್ಲಿಂದ ಬರಬೇಕು? ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಹೊಲಕ್ಕೆ ಹೋಗಿದ್ದರು.

ಇಷ್ಟೇ ಆಗಿದ್ದರೆ ಪೇಪರ್ ಸುದ್ದಿ ಅಂದುಬಿಡಬಹುದಿತ್ತು. ಅವಳ ನಿಜವಾದ ಕೆಲಸ ನಾಲ್ಕನೇ ಅಧ್ಯಾಯದಲ್ಲಿತ್ತು. ಮೂರು ಸಭೆಗಳಲ್ಲಿ ಕೂತು ಯಾರು ಎದ್ದರು, ಏನು ಕೇಳಿದರು ಅನ್ನೋದನ್ನ ಅವರ ಮಾತಲ್ಲೇ ಬರೆದುಕೊಂಡಿದ್ದಳು. ಆಮೇಲೆ ಅದೇ ಸಭೆಗಳ ನಡಾವಳಿ, ಅಂದರೆ ಪಂಚಾಯಿತಿ ಬರೆದಿಟ್ಟ ಸಭೆಯ ದಾಖಲೆ, ತರಿಸಿ ಪಕ್ಕಪಕ್ಕ ಇಟ್ಟಿದ್ದಳು.

ಎಡಗಡೆ: ‘ಚರಂಡಿ ನೀರು ಅಂಗನವಾಡಿ ಬಾಗಿಲಿಗೇ ಬರ್ತದೆ. ಮಕ್ಕಳನ್ನ ಎತ್ಕೊಂಡು ದಾಟಿಸ್ಬೇಕು. ಹೋದ ಸಲಾನೂ ಹೇಳಿದ್ದೆ.’

ಬಲಗಡೆ: ‘ಚರಂಡಿ ವಿಷಯ ಚರ್ಚಿಸಲಾಯಿತು.’

ಎಡಗಡೆ: ‘ಮನೆ ಪಟ್ಟೀಲಿ ಒಂದೇ ಮನೆಯೋರ ಎರಡು ಹೆಸ್ರು ಹೆಂಗ್ ಬಂತು?’

ಬಲಗಡೆ: ‘ಫಲಾನುಭವಿಗಳ ಪಟ್ಟಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ಹೀಗೇ ಆರು ಪುಟ. ಯಾರು ಹೇಳಿದರು, ಯಾರು ಮಾಡಬೇಕು, ಯಾವಾಗಿನ ಒಳಗೆ, ಯಾವುದೂ ಬಲಗಡೆ ಇಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ, ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬ್ ಕಾಲದ 1983ರ ಕಾಯ್ದೆ, 2010ರಲ್ಲಿ ಪಂಚಾಯಿತಿಯ ಅರ್ಧ ಸೀಟು ಹೆಂಗಸರಿಗೆ ಬಂದದ್ದು, ಎಲ್ಲ ಪಾಠ ಮಾಡಿದ್ದೇನೆ. ಬಾಯಲ್ಲಿ ಬಂದ ಮಾತು ಪುಸ್ತಕಕ್ಕೆ ಇಳಿಯೋ ಹೊತ್ತಿಗೆ ಎಲ್ಲಿ ಕಾಣೆಯಾಗುತ್ತದೆ ಅಂತ ಮಾತ್ರ ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ನಡಾವಳಿ ಸುಲಭಕ್ಕೆ ಸಿಕ್ಕಿರಲಿಲ್ಲ. ‘ನಾಳೆ ಬಾರಮ್ಮ’ ಅಂತ ನಾಲ್ಕು ಸಲ ಅಲೆಸಿದ ಮೇಲೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಳು. 30 ದಿನದ ಗಡುವು ಮುಗಿಯೋ ಹೊತ್ತಿಗೆ ಸೀಲು ಒತ್ತಿದ ಪ್ರತಿ ಬಂದಿತ್ತು. ಅದೆಲ್ಲ ಅನುಬಂಧದಲ್ಲಿತ್ತು. ನಾನು ಅನುಬಂಧ ತೆಗೆದೇ ನೋಡಿರಲಿಲ್ಲ.

ಎರಡನೇ ಓದಿನಲ್ಲಿ ನಿಜವಾದ ದೋಷವೂ ಕಂಡಿತು. ಮಾತಾಡಿದ ಹೆಂಗಸರ ಹೆಸರನ್ನೆಲ್ಲ ಹಾಗೇ ಹಾಕಿಬಿಟ್ಟಿದ್ದಳು. ಮನೆ ಪಟ್ಟಿ ಬಗ್ಗೆ ಕೇಳಿದವಳ ಹೆಸರು ಅಚ್ಚಾಗಿ ಪಂಚಾಯಿತಿ ಕಚೇರಿ ಸೇರಿದರೆ ಮುಂದಿನ ಪಟ್ಟಿಯಲ್ಲಿ ಅವಳ ಗತಿ ಏನು? ‘ಚೌಕಟ್ಟು ಸಾಲದು’ ಅಂತ ಬರೆಯೋ ಬದಲು ನಾನು ಹೇಳಬೇಕಾಗಿದ್ದ ಮಾತು ಇದು. ಫೋನ್ ಮಾಡಿ ಹೇಳಿದೆ. ಸದ್ಯ, ಸಭೆಯಲ್ಲಿ ಓದುವಾಗ ಹೆಸರು ಬಿಟ್ಟಿದ್ದಳಂತೆ. ಲೈಬ್ರರಿ ಪ್ರತಿಯಲ್ಲಿ ಹೆಸರಿನ ಜಾಗಕ್ಕೆ ನಂಬರ್ ಹಾಕಿಸಿದೆವು.

ಮುಂದಿನ ವರ್ಷ ಸಮಿತಿಯಲ್ಲಿ ನಾನು ಎರಡು ಪ್ರಶ್ನೆ ಸೇರಿಸಿ ಅಂತ ಹಟ ಹಿಡಿದೆ: ಇದರಲ್ಲಿ ಯಾರ ಮಾತು ಇದೆ? ಅವರಿಗೆ ತಿರುಗಿ ತೋರಿಸಿದ್ದೀರಾ? ನಮ್ಮ ಮುಖ್ಯಸ್ಥರು, ‘ಮೇಡಂ, ಇದು ಸಂಶೋಧನೆ, ಸಮಾಜಸೇವೆ ಅಲ್ಲ’ ಅಂದರು. ನನಗೆ ಸಿಟ್ಟು ಬಂತು. ಆದರೆ ಅವರ ಮಾತು ಪೂರ್ತಿ ಸುಳ್ಳಲ್ಲ ಅಂತ ಆ ವರ್ಷವೇ ಗೊತ್ತಾಯ್ತು. ಮೂರು ಪ್ರಾಜೆಕ್ಟುಗಳು ಬ್ಯಾನರ್ ಹಿಡಿದು, ಊರವರ ಜೊತೆ ನಿಂತ ಫೋಟೋ ಅಂಟಿಸಿಕೊಂಡು ಬಂದವು. ಒಳಗೆ ಮಾತ್ರ ಏನೂ ಇಲ್ಲ. ತೋರಿಸಿದ್ದೀರಾ ಅಂತ ಕೇಳಿದ್ದಕ್ಕೆ ತೋರಿಕೆಯೇ ಬಂತು, ಅಲ್ವಾ?

ಹಾಗಾಗಿ ಈಗ ಮೊದಲು ಫೀಲ್ಡ್ ಡೈರಿ ಕೇಳುತ್ತೇನೆ. ಬೈಂಡಿಂಗ್ ಆದ ಪ್ರತಿ ಆಮೇಲೆ. ಡೈರಿಯಲ್ಲಿ ಹೊಡೆದು ಹಾಕಿದ ಸಾಲು, ‘ಇವತ್ತು ಯಾರೂ ಸಿಗಲಿಲ್ಲ’ ಅನ್ನೋ ದಿನ, ಅರ್ಧಕ್ಕೆ ನಿಂತ ಮಾತು ಇದ್ದರೆ ಹೋಗಿದ್ದಾರೆ ಅಂತ ನಂಬಬಹುದು. ಎಲ್ಲ ಒಂದೇ ಇಂಕಿನಲ್ಲಿ ಒಂದೇ ರಾತ್ರಿ ಬರೆದ ಡೈರಿಯನ್ನು ಕಂಡುಹಿಡಿಯೋದು ಕಷ್ಟವಲ್ಲ.

ಆ ಹುಡುಗಿಗೆ ಬಹುಮಾನ ಕೊಡಲಾಗಲಿಲ್ಲ, ಹಿಂದಿನ ವರ್ಷದ್ದನ್ನು ಮತ್ತೆ ತೆಗೆಯೋಕೆ ನಿಯಮ ಇಲ್ಲ. ಅವಳೂರಲ್ಲಿ ಒಂದು ಸಲ ಸಭೆ ಸಂಜೆ ನಾಲ್ಕಕ್ಕೆ ಇಟ್ಟರಂತೆ. ಮುಂದಿನದು ಮತ್ತೆ ಹನ್ನೊಂದಕ್ಕೇ.

ಈ ವರ್ಷ ಒಂಬತ್ತು ಪ್ರಾಜೆಕ್ಟು ಬಂದಿವೆ. ಒಬ್ಬ ಹುಡುಗ ಕಬ್ಬು ಕಡಿಯೋಕೆ ಊರು ಬಿಟ್ಟು ಹೋದವರು ಮತದಾನದ ದಿನ ಏನು ಮಾಡುತ್ತಾರೆ ಅಂತ ನೋಡಿದ್ದಾನೆ. ಡೈರಿ ಎಲ್ಲಪ್ಪಾ ಅಂದೆ. ‘ಊರಲ್ಲಿದೆ ಮೇಡಂ, ತುಂಬ ಗಲೀಜಾಗಿದೆ’ ಅಂದ. ಗಲೀಜಾಗಿದ್ದರೂ ಪರವಾಗಿಲ್ಲ, ಸೋಮವಾರ ತಗೊಂಡು ಬಾ ಅಂದಿದ್ದೇನೆ.