ಕರೆಂಟು ಹೋದ ಮೇಲಿನ ಹಾಡು

ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ, ಹಾಗಾಗಿ ಕತ್ತಲಾದದ್ದು ಗೊತ್ತಾಗಲಿಲ್ಲ. ಹೆಡ್‌ಫೋನಿನಲ್ಲಿ ಹಾಡು ನಿಂತಿತು, ಅಷ್ಟೆ. ಗಾಯಕಿ ಆಲಾಪನೆಯಲ್ಲಿದ್ದರು. ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ, ಹೋಗುವ ಮೊದಲು ಅದರ ಕೆಳಗಿನ ಮೆಟ್ಟಿಲಾದ ನಿಷಾದದ ಮೇಲೆ ನಿಂತು, ಇಗೋ ಮುಟ್ಟಿದೆ, ಇಗೋ ಮುಟ್ಟಿದೆ ಎಂದು ನಮ್ಮನ್ನೆಲ್ಲ ಕಾಯಿಸುತ್ತಿದ್ದ ಗಳಿಗೆ. ಅಲ್ಲಿಗೆ ದನಿ ಕತ್ತರಿಸಿದ ಹಾಗೆ ಹೋಯಿತು.

ತಂತಿ ಕಳಚಿರಬೇಕೆಂದು ಕಣ್ಣು ಬಿಟ್ಟೆ. ಸಭಾಂಗಣ ಪೂರ್ತಿ ಕತ್ತಲು. ನನ್ನ ರೆಕಾರ್ಡರ್ ಮಾತ್ರ ಬ್ಯಾಟರಿಯ ಮೇಲೆ ಓಡುತ್ತಿದ್ದುದರಿಂದ ಅದರ ಪುಟ್ಟ ಪರದೆ ಬೆಳಗುತ್ತಿತ್ತು. ಪರದೆಯಲ್ಲಿ ಎರಡು ಜೊತೆ ಪಟ್ಟಿಗಳು. ವೇದಿಕೆಯ ಮೈಕುಗಳ ದನಿಯನ್ನೆಲ್ಲ ಕೂಡಿಸುವ ಮಿಕ್ಸರಿನಿಂದ ಬರುವ ದನಿಯನ್ನು ತೋರಿಸುವ ಜೊತೆ ತಳ ಕಂಡಿತ್ತು. ಇನ್ನೊಂದು ಜೊತೆ, ಅಂದರೆ ರೆಕಾರ್ಡರಿನದೇ ಎರಡು ಸಣ್ಣ ಮೈಕುಗಳದ್ದು, ಇನ್ನೂ ಏರಿಳಿಯುತ್ತಲೇ ಇತ್ತು. ಅದನ್ನು ನೋಡಿದ ಮೇಲೆ ಹೆಡ್‌ಫೋನ್ ತೆಗೆದೆ. ಅವರು ಹಾಡುತ್ತಲೇ ಇದ್ದರು.

ಕಛೇರಿಗಳನ್ನು ರೆಕಾರ್ಡ್ ಮಾಡುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಯಾರೂ ದುಡ್ಡು ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ. ಮುಂದಿನ ಸಾಲಿನ ಒಂದು ಬದಿಗೆ ಮೇಜು ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು ಕೂರುತ್ತೇನೆ. ಎದುರಿಗೇ ಕೂತು ಹಾಡುವವರನ್ನು ತಂತಿಯ ಮೂಲಕ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ನನಗೆ ಅದು ವಿಚಿತ್ರವೆಂದು ಅನ್ನಿಸಿಯೇ ಇರಲಿಲ್ಲ. ಯಾಕೆಂದರೆ ನಾನು ಸಂಗೀತಕ್ಕೆ ಬಂದದ್ದೇ ಟೇಪಿನಿಂದ. ಕ್ಯಾಸೆಟ್ ಹಾಕಿ ಒಂದು ಸಾಲು ಕೇಳಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಕೇಳಿ ಹಾಡುಗಳನ್ನು ಕಲಿತವರು ನಾವು. ಬ್ಯಾಟರಿ ಇಳಿದರೆ ಟೇಪು ನಿಧಾನವಾಗಿ ಶ್ರುತಿಯೂ ಇಳಿಯುತ್ತಿತ್ತು. ಹಾಗೆ ಇಳಿದ ಶ್ರುತಿಯಲ್ಲೇ ಕಲಿತ ಒಂದು ಹಾಡನ್ನು ಇವತ್ತಿಗೂ ಬೇರೆ ಶ್ರುತಿಯಲ್ಲಿ ಶುರುಮಾಡಲು ನನ್ನಿಂದಾಗದು. ಯಾವ ಗುರುವೂ ಒಂದೇ ಸಂಗತಿಯನ್ನು, ಅಂದರೆ ಸಾಲನ್ನು ಬೆಳೆಸಿ ಹಾಡುವ ಒಂದೇ ಬಗೆಯನ್ನು, ನನಗೋಸ್ಕರ ನಲವತ್ತು ಸಲ ಹಾಡುತ್ತಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಹೊರತಂದ ಆ ಅಂಗೈಯಗಲದ ಡಬ್ಬಿ ಹಾಡುತ್ತಿತ್ತು. ಧ್ವನಿಮುದ್ರಿತ ಸಂಗೀತವನ್ನು ಯಾರಾದರೂ ಕೀಳಾಗಿ ಕಂಡರೆ ನನಗೆ ಈಗಲೂ ನೋವಾಗುತ್ತದೆ.

ಆ ರಾತ್ರಿಗೆ ಬರುತ್ತೇನೆ. ಅವರು ಆ ನಿಷಾದವನ್ನು ಬಿಡದೆ ಷಡ್ಜ ಮುಟ್ಟಿ ಉಸಿರು ತೆಗೆದುಕೊಂಡರು. ಆಗ ತಿಳಿಯಿತು, ತಂಬೂರಿಯೂ ನಿಂತಿದೆ. ಅದು ವಿದ್ಯುತ್ತಿನ ತಂಬೂರಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದದ್ದು. ಸಂಜೆಯಿಂದ ಬೆನ್ನ ಹಿಂದೆ ಹರಿಯುತ್ತಿದ್ದ ದನಿ ಇಲ್ಲವಾದಾಗ ಹಾಡಿನ ಕಾಲಕೆಳಗಿನ ನೆಲವೇ ಸರಿದ ಹಾಗಾಯಿತು. ಅವರು ಹಿಂದೆ ಕೂತಿದ್ದ ಶಿಷ್ಯೆಯ ಕಡೆ ತಿರುಗಿ ಮೆಲ್ಲಗೆ "ಶ್ರುತಿ?" ಅಂದರು. ಆ ಹುಡುಗಿ ಶ್ರುತಿ ಹಾಕಲು ಫೋನಿಗಾಗಿ ಚೀಲದಲ್ಲಿ ತಡಕಾಡಿದಳು. ಪಿಟೀಲಿನವರು ಷಡ್ಜದ ಬರಿ ತಂತಿಯ ಮೇಲೆ ಕಮಾನು ಎಳೆದು ಸ್ವಲ್ಪ ಹೊತ್ತು ಹಿಡಿದರು. ಆದರೆ ಅವರು ಗಾಯನಕ್ಕೆ ಸಾಥ್ ಕೊಡಬೇಕು, ಶ್ರುತಿಯನ್ನೇ ಹಿಡಿದು ಕೂರುವ ಹಾಗಿಲ್ಲ.

ಅಷ್ಟರಲ್ಲಿ ನಡುವಿನ ಸಾಲಿನಿಂದ ಒಂದು ಗಂಡುದನಿ, ಬಾಯಿ ಮುಚ್ಚಿಕೊಂಡು, "ಮ್..." ಎಂದು ಷಡ್ಜ ಹಿಡಿಯಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಡಗಡೆಯಿಂದ ಹೆಂಗಸರು. ಶಿಷ್ಯೆಯ ಫೋನು ಚೀಲದಿಂದ ಹೊರಬರುವ ಹೊತ್ತಿಗೆ ಅದರ ಅಗತ್ಯವೇ ಉಳಿದಿರಲಿಲ್ಲ.

"ಹಾಗೇ ಹಿಡ್ಕೊಳ್ಳಿ, ನಿಲ್ಲಿಸ್ಬೇಡಿ," ಅಂದರು ಗಾಯಕಿ. "ಹಿಂದಿರೋರು ಮುಂದೆ ಬನ್ನಿ. ಕುರ್ಚಿ ಎಳೀಬೇಡಿ, ಎತ್ಕೊಂಡು ಬನ್ನಿ."

ಸುಮಾರು ಅರವತ್ತು ಜನ ಇದ್ದೆವು. ಫೋನಿನ ಬೆಳಕಿನಲ್ಲಿ ಒಬ್ಬೊಬ್ಬರಾಗಿ ಸರಿದು ವೇದಿಕೆಯ ಸುತ್ತ ಗುಂಪಾದೆವು. ದನಿಯ ಲೆಕ್ಕ ಸರಳವಾದದ್ದು: ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿ ಆರು ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿರುವ ಕಡೆ ಅಷ್ಟು ಇಳಿಯದಿದ್ದರೂ, ಮೈಕಿಲ್ಲದ ಕಡೆ ಕೇಳಬೇಕಾದವರು ಹತ್ತಿರ ಹೋಗಲೇಬೇಕು. ಒಂದು ಕಾಲದಲ್ಲಿ ರೆಕಾರ್ಡಿಂಗೂ ಹೀಗೇ ಇತ್ತು. 1925ರಲ್ಲಿ ಮೈಕಿನ ಮೂಲಕ ಗ್ರಾಮಫೋನ್ ತಟ್ಟೆಗಳನ್ನು ಮುದ್ರಿಸುವ ಕ್ರಮ ಶುರುವಾಗುವವರೆಗೆ ಹಾಡುಗಾರರು ತಗಡಿನ ಕೊಳವೆಯೊಂದಕ್ಕೆ ಮುಖವಿಟ್ಟು ಹಾಡಬೇಕಿತ್ತು. ಮೆಲುದನಿಗೆ ಮುಂದೆ ಬಾಗಬೇಕು, ಏರುದನಿಗೆ ಹಿಂದೆ ಸರಿಯಬೇಕು. ಪಿಟೀಲಿನ ದನಿ ಸಾಲದೆಂದು ಅದಕ್ಕೇ ಒಂದು ಲೋಹದ ಕೊಳವೆ ಕೂರಿಸಿದ ವಾದ್ಯವೂ ಬಂದಿತ್ತು. ಮೈಕು ಬಂದ ಮೇಲೆ ಪಿಸುಮಾತಿನಂಥ ಕಂಠಕ್ಕೂ ಸಾವಿರ ಜನರೆದುರು ಹಾಡುವ ಭಾಗ್ಯ ಬಂತು. ಅದು ಸಣ್ಣ ಉಪಕಾರವಲ್ಲ.

ಆದರೆ ಮೈಕು ಹೋದಾಗ ಮೃದಂಗದವರ ಕೈ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ಯಾರ ದನಿ ಎಷ್ಟಿರಬೇಕೆನ್ನುವುದು ಮಿಕ್ಸರಿನ ಮುಂದೆ ಕೂತವರ ಜವಾಬ್ದಾರಿ. ಈಗ ಅದು ಅವರವರ ಕೈಗೇ ಬಂದಿತ್ತು. ಪಲ್ಲವಿ ಶುರುವಾದಾಗ ಅವರು ಅಂಗೈ ಹಚ್ಚಲೇ ಇಲ್ಲ, ಬೆರಳ ತುದಿಗಳಲ್ಲಿ ನುಡಿಸುತ್ತ ಗಾಯಕಿಯ ತುಟಿಯನ್ನೇ ನೋಡುತ್ತಿದ್ದರು. ಅವರು ದನಿ ತಗ್ಗಿಸಿದರೆ ಇವರ ಬೆರಳೂ ತಗ್ಗುವುದು. ತಗ್ಗಿಸುತ್ತ ತಗ್ಗಿಸುತ್ತ ಒಂದು ಕಡೆ ಇಬ್ಬರೂ ಎಷ್ಟು ಮೆಲ್ಲಗಾದರೆಂದರೆ, ಅರವತ್ತು ಜನರ ಮ್‌ಕಾರವೂ ತನ್ನಷ್ಟಕ್ಕೆ ತಗ್ಗಿ ಅವರಿಗೆ ದಾರಿ ಬಿಟ್ಟಿತು. ಯಾರೂ ಸನ್ನೆ ಮಾಡಿರಲಿಲ್ಲ.

ನಾನೂ ಹಿಡಿದಿದ್ದೆ ಷಡ್ಜವನ್ನು. ಯಾವಾಗ ಶುರುಮಾಡಿದೆನೋ ಕಾಣೆ. ಗಾಯಕಿಯದ್ದು ಐದು ಮನೆಯ ಶ್ರುತಿ, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆಯೇ ಷಡ್ಜ. ಗಂಡಸರೆಲ್ಲ ಒಂದು ಸ್ಥಾಯಿ ಕೆಳಗೆ ಹಿಡಿದಿದ್ದೆವು. ತಾಳ ಹಾಕುವಾಗ ಹಿಂದಿನ ಸಾಲಿನವರು ತಡವಾಗುವುದುಂಟು. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹತ್ತು ಮೀಟರ್ ಹಿಂದೆ ಕೂತವರಿಗೆ ಪೆಟ್ಟು ಮೂವತ್ತು ಮಿಲಿಸೆಕೆಂಡಿನಷ್ಟು ತಡವಾಗಿ ತಲುಪುತ್ತದೆ. ಶ್ರುತಿಗೆ ಆ ತೊಂದರೆಯಿಲ್ಲ. ಯಾರು ಯಾವಾಗ ಸೇರಿದರೂ ಸೇರಿದ್ದೇ. ಒಬ್ಬರಿಗೆ ಉಸಿರು ಮುಗಿದರೆ ಉಳಿದವರು ಹಿಡಿದಿರುತ್ತಾರೆ. ಪಕ್ಕದವರ ದನಿ ನನ್ನ ಕಿವಿಗೆ ಬರುವುದಕ್ಕಿಂತ ಹೆಚ್ಚಾಗಿ ನಾವು ಕೂತ ಬೆಂಚಿನ ಹಲಗೆಯಿಂದ ಬೆನ್ನಿಗೆ ಬರುತ್ತಿತ್ತು. ಅವರ ಪರಿಚಯ ನನಗಿಲ್ಲ, ಮುಖವೂ ಸರಿಯಾಗಿ ಕಂಡಿಲ್ಲ.

ಹಾಡುಯಂತ್ರಗಳು ಬಂದ ಹೊಸತರಲ್ಲಿ, 1906ರಲ್ಲಿ, ಅಮೆರಿಕದ ಬ್ಯಾಂಡ್ ಸಂಗೀತಗಾರ ಜಾನ್ ಫಿಲಿಪ್ ಸೂಸಾ ಒಂದು ಭಯವನ್ನು ಬರೆದಿಟ್ಟಿದ್ದ: ಯಂತ್ರವೇ ಹಾಡತೊಡಗಿದರೆ ಜನ ತಾವು ಹಾಡುವುದನ್ನು ಬಿಟ್ಟುಬಿಡುತ್ತಾರೆ ಎಂದು. ಅದನ್ನು ಹಿಂದೆ ಓದಿದಾಗ ಹಳೆಯ ಕಾಲದವರ ಗೊಣಗಾಟ ಅನ್ನಿಸಿತ್ತು. ಆ ಕತ್ತಲಲ್ಲಿ ನನ್ನ ಗಂಟಲು ಕಟ್ಟಿದ ಹಾಗಾದಾಗ ಲೆಕ್ಕ ಹಾಕಿ ನೋಡಿದೆ, ನಾಲ್ಕು ಜನರ ನಡುವೆ ನಾನು ದನಿ ತೆಗೆದು ಎಷ್ಟು ಕಾಲವಾಯಿತು ಎಂದು. ನೆನಪಾಗಲಿಲ್ಲ. ಅಷ್ಟೊಂದು ಹಾಡು ಕೇಳಿದ್ದೇನೆ, ಅಷ್ಟೊಂದು ಹಾಡು ಕೂಡಿಟ್ಟಿದ್ದೇನೆ, ಹಾಡುವುದನ್ನು ಮಾತ್ರ ಯಾವಾಗಲೋ ಬಿಟ್ಟಿದ್ದೆ.

ಸುಮಾರು ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂತು. ಫ್ಯಾನುಗಳು ಗರಗರ ಅಂದವು, ಸ್ಪೀಕರು ಒಮ್ಮೆ ಕಿರುಚಿತು, ತಂಬೂರಿಯ ಡಬ್ಬಿಯೂ ತಾನಾಗಿ ಮೀಟತೊಡಗಿತು. ಆಗ ಗೊತ್ತಾಯಿತು, ನಾವು ಒಂದು ಕೂದಲೆಳೆಯಷ್ಟು ಇಳಿದಿದ್ದೇವೆ ಅಂತ. ಅದರ ಷಡ್ಜಕ್ಕೂ ನಮ್ಮ ಷಡ್ಜಕ್ಕೂ ನಡುವೆ ವೊಂವ್ ವೊಂವ್ ಎಂದು ಒಂದು ಅಲೆ ಎದ್ದಿತು. ಗಾಯಕಿ ನಕ್ಕು, ಮೈಕನ್ನು ಕೈಯಿಂದಲೇ ಪಕ್ಕಕ್ಕೆ ತಿರುಗಿಸಿ, "ಅದನ್ನ ಆರಿಸಿಬಿಡಮ್ಮ, ಇವರೇ ಸಾಕು," ಅಂದರು ಶಿಷ್ಯೆಗೆ. ಕಛೇರಿ ಮುಗಿಯುವವರೆಗೂ ಅದು ಆರಿಯೇ ಇತ್ತು.

ಮಾರನೆಯ ದಿನ ಕೂತು ಕೇಳಿದೆ. ಮೊದಲರ್ಧ ಮಿಕ್ಸರಿನಿಂದ ಬಂದದ್ದು, ಕನ್ನಡಿಯ ಹಾಗೆ ಸ್ವಚ್ಛ. ಎರಡನೆಯ ಅರ್ಧದಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿದ್ದದ್ದು ನನ್ನ ದನಿ. ರೆಕಾರ್ಡರ್ ನನ್ನ ಬಾಯಿಂದ ಒಂದು ಮೊಳದ ದೂರದಲ್ಲಿತ್ತು. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುವುದರಿಂದ ತುಂಬಿಕೊಂಡಂತೆ ಕೇಳುತ್ತದೆ. ಮೈಕಿಗೆ ಗಾಳಿಯಲ್ಲಿ ಬಂದದ್ದಷ್ಟೇ ಸಿಗುವುದು. ತೆಳ್ಳಗಿನ, ಸ್ವಲ್ಪ ನಡುಗುವ ಆ ದನಿಯನ್ನು ತೆಗೆದುಹಾಕಲು ನೋಡಿದೆ. ಆಗಲಿಲ್ಲ. ನಾನು ಹಿಡಿದಿದ್ದ ಕೆಳಗಿನ ಷಡ್ಜ 98 ಹರ್ಟ್ಸ್‌ನ ಆಸುಪಾಸು. ಅದರೊಳಗೇ ಅಡಗಿರುವ ಎರಡರಷ್ಟರ ದನಿ, ಅಂದರೆ ಎರಡನೆಯ ಅಂಶಸ್ವರ, 196; ಅದೇ ಗಾಯಕಿಯ ಮಧ್ಯ ಷಡ್ಜ. ಮೂರನೆಯದು ಅವರ ಪಂಚಮ. ನನ್ನನ್ನು ಕತ್ತರಿಸಿದರೆ ಅವರೂ ಕತ್ತರಿಸಿಹೋಗುತ್ತಾರೆ. 1964ರಲ್ಲಿ ವೇದಿಕೆಯನ್ನೇ ತೊರೆದು ಸ್ಟುಡಿಯೋಗೆ ಒಲಿದ ಪಿಯಾನೋವಾದಕ ಗ್ಲೆನ್ ಗೂಲ್ಡ್ ನುಡಿಸುವಾಗ ತನಗೆ ತಾನೇ ಗುನುಗುತ್ತಿದ್ದ. ಅವನ ಧ್ವನಿಮುದ್ರಿಕೆಗಳಲ್ಲಿ ಆ ಗುನುಗು ಇವತ್ತಿಗೂ ಉಳಿದಿದೆ. ಅಲ್ಲಿಗೆ ನಾನೂ ಕೈಬಿಟ್ಟೆ. ಎರಡನೆಯ ಅರ್ಧವನ್ನು ಇದ್ದ ಹಾಗೆಯೇ ಗಾಯಕಿಗೆ ಕಳಿಸಿದೆ.

ಆ ಕತ್ತಲು ಅದರಲ್ಲಿಲ್ಲ. ಬೆನ್ನಿಗೆ ಬರುತ್ತಿದ್ದ ಹಲಗೆಯ ನಡುಕವೂ ಇಲ್ಲ. ಆದರೆ ಸಭೆಯಲ್ಲಿ ಕೂತಾಗ ಕೇಳದೇ ಹೋದದ್ದು ಎಷ್ಟೋ ಇದೆ. ನಾವು ಇಳಿದಾಗಲೆಲ್ಲ ಪಿಟೀಲಿನವರು ಹಾಡಿನ ಸಂದಿಯಲ್ಲಿ ಬರಿ ತಂತಿಯನ್ನು ಒಮ್ಮೆ ಎಳೆಯುತ್ತಾರೆ. ಅದರ ಬೆನ್ನಿಗೇ ಅರವತ್ತು ದನಿಗಳು ತುಸು ಮೇಲೇರುತ್ತವೆ. ಅವರು ನಮ್ಮನ್ನು ಹಾಗೆ ಎತ್ತಿ ಹಿಡಿದದ್ದು ಅವತ್ತು ನನಗೆ ತಿಳಿದೇ ಇರಲಿಲ್ಲ.

ಇನ್ನೊಂದು ದನಿಯಿದೆ, ಬಲಗಡೆಯಿಂದ, ವಯಸ್ಸಾದ ಹೆಂಗಸಿನದು ಇರಬೇಕು. ಎಲ್ಲರಿಗಿಂತ ತಡವಾಗಿ ಸೇರುತ್ತದೆ. ಮೊದಲ ಉಸಿರಿಗೆ ಷಡ್ಜದ ಮೇಲಿನ ರಿಷಭದ ಹತ್ತಿರ ಎಲ್ಲೋ ಬೀಳುತ್ತದೆ. ಎರಡನೆಯದಕ್ಕೆ ಷಡ್ಜ ದಾಟಿ ಕೆಳಗಿಳಿಯುತ್ತದೆ. ಮೂರನೆಯದಕ್ಕೆ ಸುಮ್ಮನಾಗಿ ಸುತ್ತಲಿನವರನ್ನು ಕೇಳಿಸಿಕೊಳ್ಳುತ್ತದೆಯೇನೋ, ದನಿಯೇ ಇಲ್ಲ. ನಾಲ್ಕನೆಯ ಉಸಿರಿಗೆ ಬಂದು ಸರಿಯಾಗಿ ಕೂರುತ್ತದೆ. ಕ್ಯಾಸೆಟ್ಟಿನ ಕಾಲದ ಹಾಗೆ ಆ ಜಾಗವನ್ನು ಹಿಂದಕ್ಕೆ ಓಡಿಸಿ ಎಷ್ಟು ಸಲ ಕೇಳಿದ್ದೇನೋ. ನಾಲ್ಕನೆಯ ಉಸಿರಿನ ಆಚೆಗೆ ಅದನ್ನು ಬೇರೆಯಾಗಿ ಹುಡುಕಲು ಹೋದರೆ ಸಿಗುವುದಿಲ್ಲ.