ಗುಲ್ಮಾರ್ಗ್: ಕಾರಿಗೆ ಮೂರು ಕಡೆ ತಡೆ, ಸ್ಕೀಗೆ ಎಲ್ಲೂ ಇಲ್ಲ

2024ರ ಫೆಬ್ರವರಿ 21. ಬೆಳಗ್ಗೆ ಏಳೂವರೆಗೆ ಶ್ರೀನಗರ ಬಿಟ್ಟವರು ಗುಲ್ಮಾರ್ಗ್ ಮುಟ್ಟಿದ್ದು ಮಧ್ಯಾಹ್ನ ಎರಡೂಕಾಲಿಗೆ. ದೂರ ಸುಮಾರು 50 ಕಿಲೋಮೀಟರ್. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಪಳಗಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಸಿಲ್ಕ್ ಬೋರ್ಡ್‌ನಲ್ಲಿ ಕಾಲಿನ ಬೆರಳು ಮರಗಟ್ಟುವುದಿಲ್ಲ, ಅಲ್ವಾ?

ಅವತ್ತೇ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತ ಶುರುವಾಗುವ ದಿನ. 25ರವರೆಗೂ ಇತ್ತು. ನಾವು ಮೂರು ಜನ: ನಾನು, ಗೆಳೆಯ, ಅವನ ಅಕ್ಕನ ಮಗ. ಟಿಕೆಟ್ ಮಾಡಿಸುವಾಗ ಹಿಮ ಬೀಳುತ್ತದಾ ಅಂತ ನೋಡಿದ್ದೆವೇ ಹೊರತು ಕ್ರೀಡಾಕೂಟದ ತಾರೀಕು ನೋಡಿರಲಿಲ್ಲ. ಆ ವರ್ಷ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. ಒಣ ಹುಲ್ಲಿನ ಫೋಟೋಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಹಿಮ ಬಂದಿದ್ದೇ ತಡವಾಗಿ. ಹಾಗಾಗಿ ಆಟಗಾರರು, ಟೂರಿಸ್ಟುಗಳು, ನಮ್ಮಂಥ ಸ್ಕೀ ಹುಚ್ಚರು, ಎಲ್ಲರೂ ಒಂದೇ ವಾರ ಬಂದು ಮುತ್ತಿಕೊಂಡಿದ್ದೆವು.

ಅಸಲಿ ತೊಂದರೆ ಇರುವುದು ಟಂಗ್‌ಮಾರ್ಗ್‌ನಲ್ಲಿ. ಅಲ್ಲಿಂದ ಮೇಲೆ 13 ಕಿಲೋಮೀಟರ್ ಏರು, ಬರೀ ತಿರುವು. ಹಿಮ ಇದ್ದರೆ ಫೋರ್ ಬೈ ಫೋರ್ ಗಾಡಿ ಅಥವಾ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಮಾತ್ರ ಮೇಲೆ ಬಿಡುತ್ತಾರೆ. ಇದು ಸರಿಯಾದ ನಿಯಮವೇ, ನನ್ನ ತಕರಾರಿಲ್ಲ. ಶ್ರೀನಗರದಲ್ಲಿ ‘ಗುಲ್ಮಾರ್ಗ್‌ವರೆಗೂ ಬಿಡ್ತೀನಿ ಜನಾಬ್’ ಅಂದಿದ್ದ ಡ್ರೈವರ್ ಟಂಗ್‌ಮಾರ್ಗ್‌ನಲ್ಲಿ ಕೈ ಎತ್ತಿದ, ತಕರಾರು ಅದಕ್ಕೆ. ಅವನ ಗಾಡಿಗೆ ಚೈನೇ ಇರಲಿಲ್ಲ. ಪಕ್ಕದಲ್ಲೇ ಚೈನ್ ಗಾಡಿಯವನು ತಯಾರಾಗಿ ನಿಂತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಹಲ್ಲು ಕಿರಿದಿದ್ದನ್ನು ನಾನೇ ನೋಡಿದೆ. 4,000 ಕೇಳಿದ. ಚೌಕಾಸಿ ಮಾಡಿ 2,200ಕ್ಕೆ ಒಪ್ಪಿಸಿದೆವು. ಆಮೇಲೆ ಆ ಗಾಡಿಯನ್ನೂ ಮೂರು ಕಡೆ ನಿಲ್ಲಿಸಿದರು. ದೊಡ್ಡವರ ಗಾಡಿಗಳ ಸಾಲು ಹೋಗಲಿ ಎಂದು ಒಮ್ಮೆ, ಕಾಗದ ನೋಡಲು ಒಮ್ಮೆ, ಮೂರನೆಯದು ಯಾಕೋ ಯಾರೂ ಹೇಳಲಿಲ್ಲ.

ಶ್ರೀನಗರದಲ್ಲಿ ಗಾಡಿ ಮಾಡುವಾಗಲೇ ಡಿಕ್ಕಿ ತೆಗೆಸಿ ಚೈನ್ ನೋಡಿ. ‘ಇದೆ ಇದೆ’ ಅಂದರೆ ನಂಬಬೇಡಿ.

ಮೇಲೆ ಹೋದರೆ ರೂಮಿಲ್ಲ. ಎರಡು ತಿಂಗಳ ಹಿಂದೆಯೇ ಅಡ್ವಾನ್ಸ್ ಕೊಟ್ಟಿದ್ದ ರೂಮನ್ನು ಕ್ರೀಡಾಕೂಟದವರಿಗೆ ಕೊಟ್ಟುಬಿಟ್ಟಿದ್ದರು. ಮ್ಯಾನೇಜರ್ ಕಹ್ವಾ ಕುಡಿಸಿ, ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿ, ಬದಲಿ ರೂಮು ಅಂತ ಒಂದು ಗೂಡು ತೋರಿಸಿದ. ರಾತ್ರಿಗೆ 9,500. ಕಿಟಕಿ ಸಂದಿಗೆ ಪೇಪರ್ ತುರುಕಿದ್ದರು. ಹೀಟರ್‌ಗೆ ಬೇರೆ ದುಡ್ಡು. ಗೆಳೆಯ ಅಲ್ಲೇ ಇರೋಣ ಅಂದ. ನನಗೆ ಹೊಟ್ಟೆ ಉರಿದು, ಕಹ್ವಾ ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ಮತ್ತೆ ಟಂಗ್‌ಮಾರ್ಗ್‌ಗೆ ಇಳಿದು 1,800ಕ್ಕೆ ರೂಮು ಹಿಡಿದೆವು. ಹಾಸಿಗೆ ಮೇಲೆ ಎಲೆಕ್ಟ್ರಿಕ್ ಕಂಬಳಿ, ಕೆಳಗೆ ರೂಮು ಬೆಚ್ಚಗಿಡುವ ಕಟ್ಟಿಗೆಯ ಒಲೆ, ಬುಖಾರಿ. ಬಾತ್‌ರೂಮಿನ ಚಿಲಕ ಮಾತ್ರ ಇರಲಿಲ್ಲ, ಹಾಡಿಕೊಂಡು ಸ್ನಾನ ಮಾಡಬೇಕು.

ಕೆಳಗೆ ಉಳಿದಿದ್ದಕ್ಕೆ ಸಿಕ್ಕ ಬಹುಮಾನ ಒಂದು ಪುಟ್ಟ ಹೋಟೆಲು. ಟ್ಯಾಕ್ಸಿ ಸ್ಟ್ಯಾಂಡಿನ ಹಿಂದೆ, ತಂದೂರಿ ರೊಟ್ಟಿ ಸುಡುವ ಅಂಗಡಿಗೆ ಅಂಟಿಕೊಂಡಂತೆ ಇತ್ತು. ಬೋರ್ಡಿಲ್ಲ, ನಾಲ್ಕು ಬೆಂಚು. ಬೆಳಗ್ಗೆ ನೂನ್ ಚಾಯ್ ಮತ್ತು ಬಿಸಿ ಗಿರ್ದಾ ರೊಟ್ಟಿ, ಬೆಣ್ಣೆ. ಗುಲಾಬಿ ಬಣ್ಣದ ಉಪ್ಪಿನ ಟೀ ಅಂದರೆ ನಮ್ಮವರು ಮೂಗು ಮುರಿಯುತ್ತಾರೆ. ಮೊದಲ ದಿನ ನಾನೂ ಮುರಿದೆ. ಅದನ್ನು ಟೀ ಅಂದುಕೊಂಡು ಕುಡಿಯಬಾರದು, ತೆಳ್ಳನೆ ಸಾರು ಅಂದುಕೊಂಡು ರೊಟ್ಟಿ ಅದ್ದಿಕೊಂಡು ತಿನ್ನಬೇಕು. ಮೂರನೇ ದಿನಕ್ಕೆ ಎರಡು ಬಟ್ಟಲು ಬೇಕಾಯಿತು. ಮಧ್ಯಾಹ್ನ ರಾಜ್ಮಾ ಅನ್ನ, ಜೊತೆಗೆ ಹಾಖ್ ಸೊಪ್ಪು. ಸಾಸಿವೆ ಎಣ್ಣೆ ವಾಸನೆ ಬಿಟ್ಟರೆ ಹಾಖ್‌ಗೂ ನಮ್ಮ ಬಸ್ಸಾರಿನ ಸೊಪ್ಪಿಗೂ ದೂರದ ನೆಂಟಸ್ತಿಕೆ ಇದೆ. ಮೂರು ಜನಕ್ಕೆ ಹೊಟ್ಟೆ ತುಂಬ 360 ರೂಪಾಯಿ. ಅನ್ನ ಖಾಲಿಯಾದರೆ ಕೇಳದೆಯೇ ಬಡಿಸುತ್ತಿದ್ದರು. ಅಲ್ಲಿಯ ಅಜ್ಜ ನನ್ನ ಒದ್ದೆ ಗ್ಲೌಸ್ ಕಿತ್ತುಕೊಂಡು ತಂದೂರಿನ ಪಕ್ಕ ಒಣಗಿಸಿ ಕೊಟ್ಟರು. ಮೇಲಿನ ಹೋಟೆಲಿನಲ್ಲಿ ಒಂದು ಪ್ಲೇಟ್ ಮ್ಯಾಗಿಗೆ 200 ತೆತ್ತಿದ್ದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಇನ್ನು ಸ್ಕೀ ವಿಷಯ. ಗೊಂಡೋಲಾ ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರು. ಅದರ ಮೊದಲ ಹಂತ ಕೊಂಗ್ಡೂರಿಯವರೆಗೆ, ಎರಡನೆಯದು 3,900 ಮೀಟರ್ ದಾಟಿ ಅಫರ್ವತ್‌ವರೆಗೆ. ಸ್ಪರ್ಧೆ ಇದ್ದಾಗ ಕೊಂಗ್ಡೂರಿ ಇಳಿಜಾರಿನಲ್ಲಿ ಆಟಗಾರರಿಗೇ ಮೊದಲ ಜಾಗ. ಹಗ್ಗ ಕಟ್ಟಿದ ಕಡೆ ನಾವು ಹೋಗುವಂತಿಲ್ಲ. ಕ್ಯೂನಲ್ಲಿ ಎರಡು ಗಂಟೆ ನಿಂತು ಮೇಲೆ ಹೋಗಿ, ಇಪ್ಪತ್ತು ನಿಮಿಷ ಜಾರಿ ಕೆಳಗೆ ಬಂದೆವು. ಜನಜಂಗುಳಿ ನನಗೆ ಆಗಿಬರುವುದಿಲ್ಲ, ಜಾತ್ರೆಗೂ ಹೋಗುವವನಲ್ಲ. ನಿಮಗೆ ಜಾತ್ರೆ ಇಷ್ಟವಾದರೆ ಇದೂ ಇಷ್ಟವಾಗಬಹುದು.

ಹೊಸ ಹಿಮ ಬಿದ್ದ ಮೇಲೆ ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪಟ್ರೋಲ್‌ನವರು ಒಪ್ಪುವ ತನಕ ಎರಡನೇ ಹಂತದ ಇಳಿಜಾರು ತೆರೆಯುವುದಿಲ್ಲ. ಆದರೆ ಅವರು ಕಾಯುವುದು ಗೊಂಡೋಲಾ ಹಾದುಹೋಗುವ, ಬೋಗುಣಿಯಂತಿರುವ ಆ ಒಂದು ಇಳಿಜಾರನ್ನು. ಅದರ ಆಚೆಗಿನದ್ದೆಲ್ಲ ನಿಮ್ಮ ಹಣೆಬರಹ. ನನಗೆ ಆಶ್ಚರ್ಯವಾಗಿದ್ದು ಇದೇ. ಬಾಡಿಗೆ ಕಾರಿಗೆ ಮೂರು ಕಡೆ ತಡೆ. ಸ್ಕೀ ಕಟ್ಟಿಕೊಂಡು ಹಗ್ಗದ ಆಚೆ ಹೋದರೆ ‘ಎಲ್ಲಿಗೆ’ ಅಂತ ಕೇಳುವವರಿಲ್ಲ.

22ರ ಬೆಳಗ್ಗೆ ಗುಲ್ಮಾರ್ಗ್‌ನಿಂದ ಮೇಲಿರುವ ಖಿಲನ್‌ಮಾರ್ಗ್ ಇಳಿಜಾರಿನ ಕಡೆ ಹೋಗೋಣ ಎಂದು ಗೈಡ್‌ಗೆ ದುಂಬಾಲು ಬಿದ್ದೆವು. ಹಿಂದಿನ ದಿನಗಳ ಹಿಮ ಇನ್ನೂ ಕೂತಿಲ್ಲ, ಇವತ್ತು ಕಾಡೇ ಸರಿ ಅಂದ. ದುಡ್ಡು ಕೊಟ್ಟು ಇವನ ಮಾತು ಕೇಳಬೇಕಾ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಅವತ್ತೇ ಖಿಲನ್‌ಮಾರ್ಗ್‌ನಲ್ಲಿ ಹಿಮ ಕುಸಿಯಿತು. ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು, ಉಳಿದವರನ್ನು ಕಾಪಾಡಿದರು. ಸಂಜೆ ಗೈಡ್ ಆ ವಿಷಯ ಎತ್ತಲೇ ಇಲ್ಲ. ನಾವೂ ಎತ್ತಲಿಲ್ಲ.

ಹಾಗಾಗಿ ಗೈಡ್‌ನ ದಿನದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಟ್ಯಾಕ್ಸಿಯವನ ಹತ್ತಿರ ಎಷ್ಟು ಬೇಕಾದರೂ ಮಾಡಿ. ಹಿಮದಡಿ ಸಿಕ್ಕಿಬಿದ್ದವರನ್ನು ಹುಡುಕಲು ಸಿಗ್ನಲ್ ಕೊಡುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು ಪ್ರೋಬ್, ಅಗೆಯುವ ಸಲಿಕೆ, ಮೂರೂ ಬಾಡಿಗೆಗೆ ಸಿಗುತ್ತವೆ. ಬೀಕನ್ ತೆಗೆದುಕೊಂಡಾಗ ಅಂಗಡಿಯಲ್ಲೇ ಆನ್ ಮಾಡಿ ನೋಡಿ. ನಮ್ಮ ಮೂರರಲ್ಲಿ ಒಂದರ ಬ್ಯಾಟರಿ ಸತ್ತಿತ್ತು. ಮತ್ತೊಂದು ವಿಷಯ, ನಮ್ಮೂರಿನ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.

ಗೈಡ್ ಹೇಳಿದ ಆ ಕಾಡಿನ ದಾರಿಯೇ ಕೊನೆಗೆ ನಮ್ಮ ಕೈ ಹಿಡಿದಿದ್ದು. ಗುಲ್ಮಾರ್ಗ್‌ನಿಂದ ಪೈನ್ ಮರಗಳ ನಡುವೆ ಬಾಬಾರೇಶಿ ದರ್ಗಾದ ಕಡೆಗೆ, ಅಲ್ಲಿಂದ ಟಂಗ್‌ಮಾರ್ಗ್‌ಗೆ. ಗೊಂಡೋಲಾ ಬೇಡ, ಕ್ಯೂ ಬೇಡ. ಬೆಳಗ್ಗೆ ಶೇರ್ ಗಾಡಿಯಲ್ಲಿ ಮೇಲೆ, ಸಂಜೆ ಸ್ಕೀ ಮೇಲೆ ಕೆಳಗೆ, ನೇರ ರಾಜ್ಮಾ ಅನ್ನಕ್ಕೆ. ಮಂಗಗಳು ಮರದ ಮೇಲೆ ಕೂತು ನಾವು ಬೀಳುವುದನ್ನು ನೋಡುತ್ತಿದ್ದವು. ಕೆಳಗಿನವರೆಗೂ ಹಿಮ ಇದ್ದಾಗ ಮಾತ್ರ ಇದು ಸಾಧ್ಯ, ಗೈಡ್ ಇಲ್ಲದೆ ದಾರಿ ತಪ್ಪುತ್ತದೆ.

ಕ್ರೀಡಾಕೂಟವನ್ನು ಬರೀ ಬೈದರೆ ತಪ್ಪಾಗುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದ ಕೂಟ ಅದು. ಪದಕ ಪಟ್ಟಿಯಲ್ಲಿ ಸೇನೆಯ ನಂತರ ಎರಡನೇ ಜಾಗ ನಮ್ಮ ರಾಜ್ಯದ್ದು. ಹಿಮವೇ ಬೀಳದ ಊರಿನವರು ಅಂತ ಟಂಗ್‌ಮಾರ್ಗ್‌ನ ಅಜ್ಜನಿಗೆ ಹೇಳಿದರೆ ನಂಬಲೇ ಇಲ್ಲ.

ಸ್ಪರ್ಧೆ ನೋಡಲೆಂದೇ ಹೋಗುವವರು ಹೋಗಿ, ಆದರೆ ತಾರೀಕನ್ನು ನಂಬಿ ದುಡ್ಡು ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ. 2025ರಲ್ಲಿ ಫೆಬ್ರವರಿ 22ಕ್ಕೆ ಶುರುವಾಗಬೇಕಿದ್ದ ಗುಲ್ಮಾರ್ಗ್ ಹಂತ ಹಿಮ ಸಾಲದೆ ಮಾರ್ಚ್ 9ಕ್ಕೆ ಹೋಯಿತು. ಸ್ಕೀ ಮಾಡಲು ಹೋಗುವವರು ಕೂಟ ಮುಗಿದು ಎರಡು ದಿನ ಬಿಟ್ಟು ಹೋಗಿ. 26ಕ್ಕೆ ನಾವು ಹೊರಡುವಾಗ, ಗುಲ್ಮಾರ್ಗ್‌ನಲ್ಲಿ ನಮ್ಮ ರೂಮು ಬೇರೆಯವರಿಗೆ ಕೊಟ್ಟಿದ್ದ ಅದೇ ಹೋಟೆಲಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು 4,000ಕ್ಕೆ ರೂಮು ಕೂಗುತ್ತಿದ್ದ.